ಬಾಯಮ್ಮನ ಬಾಯಿ ಒಣಗಿದ ಎರಡು ತಿಂಗಳು

ನಮ್ಮ ದೊಡ್ಡಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಮೊದಮೊದಲು ನಾನು ಹೇಳಲು ಹಿಂದೆಮುಂದೆ ನೋಡುತ್ತಿದ್ದೆ. ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅವಳು ಬಿಸ್ಕತ್ತು ಕಾರ್ಖಾನೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಕದ್ದುಮುಚ್ಚಿ ಅಲ್ಲ. ತನಗೆಂದೇ ಹಾಕಿದ ಮೇಜಿನ ಮುಂದೆ, ತಲೆಗೆ ಬಿಳಿ ಟೋಪಿ ಇಟ್ಟುಕೊಂಡು, ಎಲ್ಲರ ಎದುರಿಗೇ ಕೂತು ತಿನ್ನುತ್ತಿದ್ದಳು. ತಿಂದು 'ಹೂಂ' ಅಂದರೆ ಆ ದಿನದ ಮಾಲು ಪ್ಯಾಕಿಂಗ್‌ಗೆ ಹೋಗುತ್ತಿತ್ತು. 'ಊಹೂಂ' ಅಂದರೆ ಅಷ್ಟೂ ಮಾಲು ಹಿಂದಕ್ಕೆ. ಕಾರ್ಖಾನೆಯವರು ಅವಳಿಗೆ ಇಟ್ಟ ಹೆಸರು ಬಾಯಮ್ಮ.

ಅವಳು ಅಲ್ಲಿಗೆ ಸೇರಿದ್ದು ಪ್ಯಾಕಿಂಗ್ ಕೆಲಸಕ್ಕೆ. ಒಂದು ದಿನ ಒಡೆದ ಬಿಸ್ಕತ್ತೊಂದನ್ನು ಬಾಯಿಗೆ ಹಾಕಿಕೊಂಡವಳು, "ಇದರ ಹೊಟ್ಟೆ ಇನ್ನೂ ಹಸಿ ಇದೆ" ಅಂದುಬಿಟ್ಟಳಂತೆ. ಮೇಲೆ ನೋಡಿದರೆ ಹೊಂಬಣ್ಣ, ಮುರಿದರೆ ಟಕ್ಕೆಂಬ ಸದ್ದು. ಎಲ್ಲರೂ ನಕ್ಕರು. ನಾಲ್ಕು ದಿನ ಕಳೆಯುವಷ್ಟರಲ್ಲಿ ಆ ಮಾಲೆಲ್ಲ ಪ್ಯಾಕೆಟ್ಟಿನೊಳಗೇ ಮೆತ್ತಗಾಯಿತು. ನಕ್ಕವರೇ ಅವಳಿಗೆ ಕುರ್ಚಿ ತಂದು ಹಾಕಿದರು. ಆ ಕುರ್ಚಿಯಲ್ಲಿ ಅವಳು ಹತ್ತೊಂಬತ್ತು ವರ್ಷ ಕೂತಿದ್ದಳು.

ನಾನು ಆಗ ಹತ್ತಿರದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾ ಅವಳ ಮನೆಯಲ್ಲೇ ಇದ್ದೆ. ನಮ್ಮ ಕುಲದಲ್ಲೇ ಡಿಗ್ರಿ ಓದಿದವಳು ನಾನೊಬ್ಬಳು ಅಂತ ದೊಡ್ಡಮ್ಮನಿಗೆ ಹೆಮ್ಮೆ. ಆದರೆ ಆ ಹೆಮ್ಮೆಯ ಜೊತೆಗೆ ಒಂದು ಅನುಮಾನವೂ ಇತ್ತು. ಹೊಟ್ಟೆಯೊಳಗಿನ ವಿಚಾರವನ್ನು ಪುಸ್ತಕ ನೋಡಿ ಕಲಿಯುವುದು ಹೇಗೆ ಎಂಬುದು ಅವಳಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಅವಳ ಕೆಲಸಕ್ಕೆ ಅವಳದೇ ಕಟ್ಟುಪಾಡು ಇತ್ತು. ಬೆಳಿಗ್ಗೆ ಎದ್ದರೆ ಹತ್ತು ಗಂಟೆಯವರೆಗೆ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಚಹಾ ಇಲ್ಲ, ಈರುಳ್ಳಿಯ ವಾಸನೆಯೂ ಕೂಡದು, ಬೆಚ್ಚಗಿನ ನೀರಲ್ಲಿ ಬಾಯಿ ಮುಕ್ಕಳಿಸುವುದು ಮಾತ್ರ. ಒಂಬತ್ತೂ ಮುಕ್ಕಾಲಿಗೆ ಒಲೆಯಿಂದ ಮೊದಲ ತಟ್ಟೆ ಹೊರಬರುತ್ತಿತ್ತು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ದೊಡ್ಡಮ್ಮನ ಹೊಟ್ಟೆ ಗುರ್ರ್ ಅನ್ನುತ್ತಿತ್ತು. ಸಣ್ಣ ಸದ್ದಲ್ಲ, ಹಿಟ್ಟು ಜರಡಿ ಹಿಡಿಯುವ ಹೆಂಗಸರು ಅದನ್ನು ಕೇಳಿಯೇ, "ಟೈಮಾಯ್ತು ಕಣ್ರೇ" ಅನ್ನುತ್ತಿದ್ದರಂತೆ.

ಆಮೇಲೆ ಅವಳು ಬಿಸ್ಕತ್ತು ಕಚ್ಚಿ ಕಣ್ಣು ಮುಚ್ಚುವಳು. ಪ್ರತಿ ಅಗಿತಕ್ಕೂ ಮೇಜಿನ ಮೇಲೆ ಬೆರಳಿನಿಂದ ಒಂದು ಕುಟುಕು. ಎಂಟನೆಯ ಕುಟುಕಿಗೆ ಬಾಯಲ್ಲಿರುವುದೆಲ್ಲ ನುಣ್ಣಗೆ ಮುದ್ದೆಯಾಗಬೇಕು. ಏಳಕ್ಕೇ ಆದರೆ ಬೆಂದದ್ದು ಸಾಲದು, ಒಂಬತ್ತಕ್ಕೆ ಹೋದರೆ ಬೆಂದದ್ದು ಹೆಚ್ಚು. ನುಂಗುವ ಮೊದಲು ಅವಳು ಸ್ವಲ್ಪ ಹೊತ್ತು ಕಾಯುತ್ತಿದ್ದಳು.

"ಯಾಕೆ ಕಾಯ್ತೀಯ?" ಅಂತ ನಾನೊಮ್ಮೆ ಕೇಳಿದ್ದೆ.

"ಎರಡನೇ ಸಿಹಿ ಬರಬೇಕಲ್ಲೇ. ಮೊದಲು ಬರೋದು ಸಕ್ಕರೆ ಸಿಹಿ. ಅದು ಎಲ್ಲರಿಗೂ ಗೊತ್ತಾಗುತ್ತೆ. ಹಿಂದಿನಿಂದ, ನಾಚಿಕೊಂಡು ಒಂದು ಸಿಹಿ ಬರುತ್ತೆ. ಅದು ಹಿಟ್ಟಿಂದು. ಅದು ಬಂದ್ರೆ ಹಿಟ್ಟು ಚೆನ್ನಾಗಿದೆ ಅಂತ."

ನನಗೆ ಮೈ ಜುಂ ಅಂದಿತು. ಎಂಜಲಿನಲ್ಲಿರುವ ಒಂದು ರಸ ಹಿಟ್ಟಿನ ಪಿಷ್ಟವನ್ನು ಬಾಯಲ್ಲೇ ಮುರಿದು ಸಕ್ಕರೆ ಮಾಡುತ್ತದೆ ಎಂಬುದನ್ನು ನಾನು ಮೂರು ವರ್ಷ ಬಾಯಿಪಾಠ ಮಾಡಿದ್ದೆ. ನನ್ನ ನಾಲಿಗೆಗೆ ಅದು ಒಂದು ದಿನವೂ ಗೊತ್ತಾಗಿರಲಿಲ್ಲ.

ಹೀಗಿರುವಾಗ ಆ ವರ್ಷದ ಚಳಿ ಮುಗಿಯುವ ಹೊತ್ತಿಗೆ ದೊಡ್ಡಮ್ಮ ಮನೆಗೆ ಬಂದವಳೇ ಒಲೆ ಮೇಸ್ತ್ರಿಯನ್ನು ಬೈಯಲು ಶುರುಮಾಡಿದಳು. ಒಲೆ ಮೇಸ್ತ್ರಿ ಎಂದರೆ ಅಲ್ಲಿ ಬೇಯಿಸುವ ಕೆಲಸವನ್ನೆಲ್ಲ ನೋಡಿಕೊಳ್ಳುವ ಮನುಷ್ಯ. ಇವಳಿಗಿಂತ ನಾಲ್ಕೈದು ವರ್ಷ ಚಿಕ್ಕವರು, ದಪ್ಪ ಮೀಸೆ, ದಪ್ಪ ದನಿ. ಇಬ್ಬರಿಗೂ ದಿನಕ್ಕೊಂದು ಜಗಳವಾಗದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

"ಬಿಸ್ಕತ್ತಲ್ಲ, ಹಂಚು ಸುಡ್ತಿದ್ದಾನೆ ಆ ಮಹಾರಾಯ. ಇವತ್ತು ಹತ್ತು ಕುಟುಕು!"

ಮರುವಾರ ಹನ್ನೆರಡಾಯಿತು. ಅದರ ಮರುವಾರ ಹದಿನಾಲ್ಕು. ಎರಡನೇ ಸಿಹಿಯಂತೂ ಕಾದು ಕಾದು ಸಾಕಾದರೂ ಬರಲಿಲ್ಲ. ದೊಡ್ಡಮ್ಮ ಊಹೂಂ ಅಂದಳು. ಒಲೆ ಮೇಸ್ತ್ರಿ ಉರಿ ತಗ್ಗಿಸಿದರು. ಊಹೂಂ. ಬೇಯಿಸುವ ಹೊತ್ತು ಕಡಿಮೆ ಮಾಡಿದರು. ಊಹೂಂ. ಹಿಟ್ಟಿಗೆ ಕೊಬ್ಬು ಹೆಚ್ಚಿಸಿದರು, ಸಕ್ಕರೆ ಪಾಕ ಸುರಿದರು. ಊಹೂಂ, ಊಹೂಂ. ಕಡೆಗೊಂದು ದಿನ ಎರಡನೇ ಸಿಹಿ ಬಾರದಿದ್ದರೂ ಎಣಿಕೆ ಎಂಟಕ್ಕೆ ಇಳಿದಾಗ, ಅರೆಮನಸ್ಸಿನಿಂದ ಹೂಂ ಅಂದಳು, ಆ ಮಾಲು ಅಂಗಡಿಗಳಿಗೆ ಹೋಯಿತು.

ಆ ಕಾರ್ಖಾನೆಯಲ್ಲಿ ಬಿಸ್ಕತ್ತಿನ ತೇವ ಅಳೆಯುವ ಯಂತ್ರವೊಂದಿತ್ತು. ಅದು ಮೊದಲ ದಿನದಿಂದಲೂ ಎಲ್ಲ ಸರಿಯಾಗಿದೆ ಎಂದೇ ತೋರಿಸುತ್ತಿತ್ತು. ಬೇರೆ ಕಡೆಯಾಗಿದ್ದರೆ ಯಂತ್ರದ ಮಾತು ಕೇಳುತ್ತಿದ್ದರೋ ಏನೋ. ಇಲ್ಲಿಯವರು ಬಾಯಮ್ಮನ ಮಾತು ಕೇಳಿ ಯಂತ್ರವನ್ನು ರಿಪೇರಿಗೆ ಕಳಿಸಿದರು. ರಿಪೇರಿಯವನು ಎಲ್ಲ ಬಿಚ್ಚಿ ನೋಡಿ, ಇದಕ್ಕೆ ಏನೂ ಆಗಿಲ್ಲ ಅಂತ ಚೀಟಿ ಬರೆದು ವಾಪಸು ಕಳಿಸಿದ. ಅದು ಬಂದು ಮತ್ತೆ ಅದೇ ಮಾತು ಹೇಳಿತು. "ಅದಕ್ಕೇನು ಬಾಯಿದೆಯಾ, ನಾಲಿಗೆಯಿದೆಯಾ?" ಅಂತ ಮೇಸ್ತ್ರಿಯೇ ಅದರ ಮೇಲೊಂದು ಬಟ್ಟೆ ಮುಚ್ಚಿದರಂತೆ. ಇವಳ ಜೊತೆ ಎಷ್ಟೇ ಜಗಳ ಆಡಿದರೂ ಇವಳ ಬಾಯಿಯ ಮೇಲೆ ಅವರಿಗೂ ಅಷ್ಟು ನಂಬಿಕೆ.

ಕೊನೆಗೆ ಅಂಗಡಿಗಳಿಂದ ಪ್ಯಾಕೆಟ್ಟುಗಳು ವಾಪಸು ಬರತೊಡಗಿದವು. ಒಡೆದು ನೋಡಿದರೆ ಒಳಗೆ ಬಿಸ್ಕತ್ತಿಲ್ಲ, ಪುಡಿ. ಮ್ಯಾನೇಜರು ದೊಡ್ಡಮ್ಮನನ್ನು ಕರೆಸಿದರು. ಅವರು ಯಾರ ಮೇಲೂ ದನಿ ಎತ್ತದ ಮನುಷ್ಯ. ಅದಕ್ಕೇ ಅವರು ಕರೆದರೆ ಎಲ್ಲರಿಗೂ ಎದೆ ಡವಡವ.

"ಅಮ್ಮಾ, ಸೋಮವಾರ ಹತ್ತು ಗಂಟೆಗೆ ಮೂರು ತಟ್ಟೆ ಇಡಿಸ್ತೀನಿ. ಎರಡು ತಿಂಗಳ ಹಿಂದೆ ಸೀಲ್ ಮಾಡಿಟ್ಟ ಡಬ್ಬದ ಬಿಸ್ಕತ್ತೂ ಇರುತ್ತೆ, ಈಗಿಂದೂ ಇರುತ್ತೆ. ಯಾವುದು ಯಾವುದು ಅಂತ ನೀವು ಹೇಳ್ಬೇಕು. ಹೇಳಿದ್ರೆ ಒಲೆ ವಿಚಾರ ನೋಡೋಣ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ಪ್ಯಾಕಿಂಗ್‌ನಲ್ಲಿ ಜಾಗ ಇದೆ."

ಅವತ್ತು ಮನೆಗೆ ಬಂದ ದೊಡ್ಡಮ್ಮ ಮೇಸ್ತ್ರಿಯನ್ನು ಬೈಯಲಿಲ್ಲ. ಅದನ್ನು ನೋಡಿಯೇ ನಮಗೆ ಗಾಬರಿಯಾಯಿತು.

ಮಾರನೆಯ ದಿನ ಶನಿವಾರ. ಸಂಜೆ ಒಲೆ ಮೇಸ್ತ್ರಿ ನಮ್ಮ ಮನೆಗೇ ಬಂದರು. ದೊಡ್ಡಪ್ಪ ದರ್ಜಿ. ಮುಂದಿನ ಕೋಣೆಯೇ ಅವರ ಅಂಗಡಿ. ಮೇಸ್ತ್ರಿಯ ಪ್ಯಾಂಟುಗಳ ಸೊಂಟವನ್ನು ವರ್ಷಕ್ಕೊಮ್ಮೆ ಬಿಡಿಸಿ ಹೊಲಿಯುವುದು ಅವರ ಪಾಲಿನ ಕೆಲಸ. ಮೇಸ್ತ್ರಿಯ ಕೈಯಲ್ಲಿ ಪ್ಯಾಂಟಿನ ಜೊತೆಗೆ ವಾಪಸು ಬಂದ ಎರಡು ಪ್ಯಾಕೆಟ್ಟೂ ಇತ್ತು.

"ತಗೊಳ್ಳಿ ಅಕ್ಕಾ. ನಿಮ್ಮ ಅಪ್ಪಣೆ ಪ್ರಕಾರ ಮಾಡಿದ್ದು. ಇನ್ಮೇಲೆ ಪ್ಯಾಕೆಟ್ ಜೊತೆ ಒಂದೊಂದು ಚಮಚ ಕೊಡೋಣ ಅಂತ ಮಾತಾಡ್ಕೊಂಡಿದ್ದೀವಿ."

"ನೀನು ಸರಿಯಾಗಿ ಸುಟ್ಟಿದ್ರೆ ಇದೆಲ್ಲ ಯಾಕಾಗ್ತಿತ್ತಯ್ಯಾ?" ಅಂದಳು ದೊಡ್ಡಮ್ಮ. ಅನ್ನುವುದರ ಮಧ್ಯೆ ಎರಡು ಸಲ ನೀರು ಕುಡಿದಳು.

ನಾನು ಅದನ್ನು ಗಮನಿಸಿದ್ದು ಆಗಲೇ. ಈಚೆಗೆ ಅವಳು ತುತ್ತಿಗೊಂದು ಗುಟುಕು ನೀರು ಕುಡಿಯುತ್ತಿದ್ದಳು. ಮಾತಾಡುವಾಗ ನಾಲಿಗೆ ಅಂಗುಳಕ್ಕೆ ಅಂಟಿ ಚಟ್ ಚಟ್ ಸದ್ದು ಬರುತ್ತಿತ್ತು. ಊಟವಾದ ಮೇಲೆ ಎದೆ ಉರಿ ಎಂದು ಉಜ್ಜಿಕೊಳ್ಳುತ್ತಿದ್ದಳು.

"ದೊಡ್ಡಮ್ಮಾ, ಬಾಯಿ ಒಣಗುತ್ತಾ?"

"ಸೆಕೆ ಶುರುವಾಯ್ತಲ್ಲೇ."

"ನಮಗ್ಯಾರಿಗೂ ಒಣಗ್ತಿಲ್ವಲ್ಲ."

ಕೆಮ್ಮಿನ ಔಷಧದ ಬಾಟಲಿಗಳಿಗೆ ಗೆರೆ ಹಾಕಿದ ಪುಟ್ಟ ಮುಚ್ಚಳ ಇರುತ್ತದಲ್ಲ, ಅಂಥವು ಮನೆಯಲ್ಲಿ ನಾಲ್ಕಿದ್ದವು. ತೊಳೆದು ತಂದು ನಾಲ್ವರ ಮುಂದೆ ಒಂದೊಂದಿಟ್ಟೆ. "ಐದು ನಿಮಿಷ. ಯಾರೂ ನುಂಗಬಾರದು, ಮಾತಾಡಬಾರದು. ಬಾಯಲ್ಲಿ ಬಂದದ್ದನ್ನೆಲ್ಲ ಇದರೊಳಗೆ ಉಗುಳಬೇಕು."

"ಥೂ!" ಅಂದಳು ದೊಡ್ಡಮ್ಮ.

"ಹಾಗೇ. ಆದರೆ ಮುಚ್ಚಳದೊಳಗೆ" ಅಂದರು ದೊಡ್ಡಪ್ಪ.

"ಮಾನಸ್ತರ ಮನೆಯಲ್ಲಿ ಎಲ್ಲರೂ ಸುತ್ತ ಕೂತು ಉಗುಳೋದಾ? ಯಾರಾದ್ರೂ ಬಟ್ಟೆ ಹೊಲಿಸೋಕೆ ಬಂದ್ರೆ ಏನಂತ ಹೇಳ್ತೀರ್ರೀ?"

"ಅಳತೆ ತಗೊಳ್ತಿದ್ದೀವಿ ಅಂತೀನಿ."

ಐದು ನಿಮಿಷ ಆ ಕೋಣೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೇಸ್ತ್ರಿಯ ಮೀಸೆ ಅಡ್ಡ ಬರುತ್ತಿದ್ದುದರಿಂದ ಅವರು ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದರು. ದೊಡ್ಡಪ್ಪ ದಿನವಿಡೀ ದಾರದ ತುದಿಯನ್ನು ತುಟಿಯಲ್ಲಿ ನೆನೆಸಿ ಸೂಜಿಗೆ ಪೋಣಿಸುವವರು, ಅಭ್ಯಾಸವಿದ್ದವರ ಹಾಗೆ ಸಲೀಸಾಗಿ ಉಗುಳಿದರು. ಹೊತ್ತು ಮುಗಿದಾಗ ನೋಡಿದರೆ, ದೊಡ್ಡಪ್ಪನದು ಎರಡನೇ ಗೆರೆಯವರೆಗೆ, ಮೇಸ್ತ್ರಿಯದು ಅದಕ್ಕಿಂತ ಒಂದು ಕೂದಲು ಮೇಲೆ, ನನ್ನದು ಒಂದೂವರೆ. ದೊಡ್ಡಮ್ಮನ ಮುಚ್ಚಳದ ತಳದಲ್ಲಿ ಬರೀ ಒಂದಿಷ್ಟು ಬಿಳಿ ನೊರೆ. ಅದು ಮೊದಲ ಗೆರೆಯ ಅರ್ಧವನ್ನೂ ಮುಟ್ಟಿರಲಿಲ್ಲ.

"ನಾನೇ ಫಸ್ಟು" ಅಂದರು ಮೇಸ್ತ್ರಿ. ದೊಡ್ಡಮ್ಮನ ಮುಚ್ಚಳ ನೋಡಿದ ಮೇಲೆ ತಮ್ಮದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ಸಾದಾ ಬ್ರೆಡ್ಡಿನ ತುಂಡು ಕೊಟ್ಟು ಒಂದು ನಿಮಿಷ ಅಗಿಯಲು ಹೇಳಿದೆ. ದೊಡ್ಡಪ್ಪ ಹುಬ್ಬು ಹಾರಿಸಿ, "ಅರೆ, ಸಿಹಿ ಆಗ್ತಿದೆ!" ಅಂದರು. ಮೇಸ್ತ್ರಿಯೂ ತಲೆಯಾಡಿಸಿದರು. ದೊಡ್ಡಮ್ಮ ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು. ಕೊನೆಗೆ ನೀರು ಕುಡಿದು ನುಂಗಿದಳು.

"ರಟ್ಟು" ಅಂದಳು ಮೆಲ್ಲಗೆ.

ನಾನು ಅವಳ ಕೈಬೆರಳು ಹಿಡಿದು ಅವಳ ಕಿವಿಯ ಮುಂದೆ, ದವಡೆಯ ಕೆಳಗೆ ಇಟ್ಟು ತೋರಿಸಿದೆ. ಇಲ್ಲೊಂದು ಜೋಡಿ, ಇಲ್ಲೊಂದು ಜೋಡಿ, ನಾಲಿಗೆಯ ಅಡಿಯಲ್ಲಿ ಇನ್ನೊಂದು ಜೋಡಿ ಲಾಲಾಗ್ರಂಥಿ. ಸಣ್ಣಪುಟ್ಟವು ತುಟಿ ಕೆನ್ನೆಗಳ ಒಳಗೆಲ್ಲ ಇವೆ. ಎಲ್ಲ ಸೇರಿ ದಿನಕ್ಕೆ ಒಂದು ಲೀಟರಿನ ಆಸುಪಾಸು ಜೊಲ್ಲು ಸುರಿಸುತ್ತವೆ.

"ಒಂದು ಲೀಟರ್ರಾ? ಎಲ್ಲಿಗೆ ಹೋಗುತ್ತೆ ಅಷ್ಟು?" ಅಂದರು ಮೇಸ್ತ್ರಿ.

"ನಾವೇ ನುಂಗ್ತೀವಿ. ಅದು ಬಿಸ್ಕತ್ತನ್ನ ನೆನೆಸಿ ಮುದ್ದೆ ಮಾಡುತ್ತೆ, ಜಾರಿಸುತ್ತೆ, ಹಿಟ್ಟನ್ನ ಸಿಹಿ ಮಾಡುತ್ತೆ. ಹೊಟ್ಟೆಯಿಂದ ಮೇಲಕ್ಕೆ ಉಕ್ಕಿದ ಹುಳಿಯನ್ನ ತೊಳೆದು ಕೆಳಗೆ ಕಳಿಸುತ್ತೆ. ಅದು ಕಡಿಮೆಯಾದ್ರೆ ಎದೆ ಉರಿ."

"ಹೊಟ್ಟೆಯೊಳಗೆ ಹುಳಿ ಯಾಕೆ?"

"ಹೊಟ್ಟೆಗೂ ಅದರದೇ ರಸ ಇದೆ ಮೇಸ್ತ್ರಿ. ಜಠರರಸ ಅಂತ. ಅದರಲ್ಲಿ ಆಮ್ಲ ಇದೆ, ನಿಂಬೆಹುಳಿಗಿಂತ ಖಡಕ್ಕು. ಮೊಟ್ಟೆ ಮಾಂಸ ಬೇಳೆ ಇವನ್ನೆಲ್ಲ ಒಡೆಯೋ ರಸಾನೂ ಇದೆ. ತಟ್ಟೆ ನೋಡಿದ್ರೆ, ವಾಸನೆ ಬಂದ್ರೆ ಸಾಕು, ಊಟ ಒಳಗೆ ಬರೋಕೆ ಮುಂಚೆಯೇ ಸುರಿಯೋಕೆ ಶುರು ಮಾಡುತ್ತೆ."

ದೊಡ್ಡಪ್ಪ ಕತ್ತರಿ ಕೆಳಗಿಟ್ಟರು. "ಮಾಂಸ ಕರಗಿಸೋ ರಸ, ಹೊಟ್ಟೆಯನ್ನೇ ಯಾಕೆ ಕರಗಿಸಲ್ಲ? ಹೊಟ್ಟೆಯೂ ಮಾಂಸ ತಾನೇ?"

ನನ್ನ ತರಗತಿಯಲ್ಲಿ ನಲವತ್ತು ಮಂದಿಯಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. "ಒಳಗೋಡೆಗೆ ದಪ್ಪಗೆ ಲೋಳೆ ಬಳಿದುಕೊಂಡಿರುತ್ತೆ ದೊಡ್ಡಪ್ಪ. ಆ ಲೋಳೆಯನ್ನೂ ಅದೇ ತಯಾರಿಸುತ್ತೆ. ಎಷ್ಟು ಹುಳಿ ಬಿದ್ರೂ ತಗಲೋದಿಲ್ಲ."

"ನಮ್ಮ ಮೇಸ್ತ್ರಿ ತರಹ. ನಾನು ಎಷ್ಟು ಬೈದ್ರೂ ತಗಲೋದಿಲ್ಲ" ಅಂದಳು ದೊಡ್ಡಮ್ಮ. ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮೊದಲ ತಮಾಷೆ. ಆದರೆ ಅವಳ ಕಣ್ಣು ಮುಚ್ಚಳದ ಮೇಲೇ ಇತ್ತು.

"ಏನಾದ್ರೂ ಮಾತ್ರೆ ತಗೊಳ್ತಿದ್ದೀಯಾ ದೊಡ್ಡಮ್ಮ?"

"ಇಲ್ಲ."

ಅದನ್ನು ಅವಳು ಬಹಳ ಬೇಗ ಹೇಳಿದಳು. ಅಷ್ಟರಲ್ಲಿ ಮೇಸ್ತ್ರಿಯ ಸೊಂಟ ಅಳೆಯಲೆಂದು ದೊಡ್ಡಪ್ಪ ಟೇಪು ಹುಡುಕುತ್ತಾ ಹೊಲಿಗೆ ಯಂತ್ರದ ಕೆಳಗಿನ ಡ್ರಾಯರು ಎಳೆದರು. ಹಳೆ ಗುಂಡಿಗಳ ರಾಶಿಯೊಳಗಿಂದ ಏನನ್ನೋ ಎತ್ತಿ ಬೆಳಕಿಗೆ ಹಿಡಿದರು.

"ಇದ್ಯಾವ ಷರ್ಟಿನ ಗುಂಡಿ ಇದು? ತೂತೇ ಇಲ್ವಲ್ಲ."

ಹಳದಿ ಬಣ್ಣದ ಪುಟ್ಟ ಪುಟ್ಟ ಮಾತ್ರೆಗಳ ಪಟ್ಟಿ. ನಾನು ಹೆಸರು ಓದಿದೆ. ಸೀನು, ಮೂಗು ಸೋರುವುದು, ತುರಿಕೆ ಇವಕ್ಕೆಲ್ಲ ಕೊಡುವ ಹಳೇ ಕಾಲದ ಮಾತ್ರೆ. ಮೂಗಿನ ನೀರು ನಿಲ್ಲಿಸುವ ಭರದಲ್ಲಿ ಬಾಯಿಯ ನೀರನ್ನೂ ನಿಲ್ಲಿಸಿಬಿಡುತ್ತದೆ.

ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಚಳಿಗಾಲದ ಕೊನೆಯಲ್ಲಿ ಅವಳಿಗೆ ಹಿಟ್ಟಿನ ಧೂಳು ಆಗದೆ ಹೋಗಿತ್ತು. ಜರಡಿ ಹಿಡಿಯುವ ಜಾಗದ ಪಕ್ಕದಲ್ಲೇ ಅವಳ ಮೇಜು. ಕೂತರೆ ಸಾಲುಸಾಲು ಸೀನು. ಅಲ್ಲಿ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು: ಸೀನುವವರು, ಕೆಮ್ಮುವವರು ಹಿಟ್ಟಿನ ಕೋಣೆಯಲ್ಲಿ ಇರಕೂಡದು. ಅವಳು ಔಷಧದ ಅಂಗಡಿಗೆ ಹೋಗಿ ಕೇಳಿ ಮಾತ್ರೆ ತಂದಿದ್ದಳು. ದಿನಾ ಬೆಳಿಗ್ಗೆ ಒಂದು. ಸೀನು ನಿಂತಿತು. ಅದರ ಜೊತೆ ಏನೇನು ನಿಂತಿತೆಂದು ಅವಳಿಗೆ ಗೊತ್ತಾಗಲಿಲ್ಲ.

"ಹಾಗಾದ್ರೆ..." ಅಂದರು ಮೇಸ್ತ್ರಿ ನಿಧಾನವಾಗಿ, "ನನ್ನ ಒಲೆ ಸರಿಯಾಗೇ ಇತ್ತು."

"ಸರಿಯಾಗೇ ಇತ್ತು" ಅಂದೆ ನಾನು.

"ಆ ಮೆಷಿನ್ನೂ ಸರಿಯಾಗೇ ಇತ್ತು."

"ಹೂಂ."

"ಪಾಪ, ಅದಕ್ಕೆ ಮುಸುಕು ಹಾಕಿ ಕೂರಿಸಿದ್ವಲ್ಲ!" ಅಂದು ಅವರು ನಗಲು ಹೋದರು. ದೊಡ್ಡಮ್ಮನ ಮುಖ ನೋಡಿ ನಗು ನುಂಗಿಕೊಂಡರು. ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ, "ಅಕ್ಕಾ, ನಾನು ಬಂದಿದ್ದು ಪ್ಯಾಂಟು ಕೊಡೋಕೆ. ಪ್ಯಾಂಟು ಕೊಟ್ಟೆ, ಹೋದೆ. ಗುಂಡಿ ಗಿಂಡಿ ಯಾವುದೂ ನಾನು ನೋಡ್ಲಿಲ್ಲ" ಅಂದು ಹೋದರು.

ಭಾನುವಾರ ಬೆಳಿಗ್ಗೆ ಅವಳು ಮಾತ್ರೆ ತೆಗೆದುಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಯಿಗೆ ಸ್ವಲ್ಪ ಜೀವ ಬಂತು. ಊಟದಲ್ಲಿ, ಆಲೂಗಡ್ಡೆಗೆ ಉಪ್ಪು ಹೆಚ್ಚಾಗಿದೆ ಎಂದು ನನ್ನ ಮೇಲೆ ರೇಗಿದಳು. ದೊಡ್ಡಪ್ಪನಿಗೆ ಅದನ್ನು ಕೇಳಿಯೇ ಕಣ್ಣು ತುಂಬಿ ಬಂತು. ಎರಡು ತಿಂಗಳಿಂದ ನಾವು ಏನು ಬಡಿಸಿದರೂ ಅವಳು ತುಟಿಪಿಟಿಕ್ ಅನ್ನದೆ ತಿನ್ನುತ್ತಿದ್ದಳು.

ಆದರೆ ಮೂಗೂ ಅದರ ಜೊತೆಗೇ ಎದ್ದಿತು. ಒಗೆದ ಬಟ್ಟೆ ಕೊಡವಿದರೆ ಸೀನು, ಹಾಸಿಗೆ ಮಡಚಿದರೆ ಸೀನು.

"ಈಗೇನೇ ಮಾಡ್ತೀಯ?" ಅಂದರು ದೊಡ್ಡಪ್ಪ. "ಮಾತ್ರೆ ತಗೊಂಡ್ರೆ ಬಾಯಿ ಇಲ್ಲ. ಬಿಟ್ರೆ ಮೂಗು ಮರ್ಯಾದೆ ಕಳೆಯುತ್ತೆ. ಒಂದು ಕೆಲಸ ಮಾಡು. ಮಾತ್ರೆ ತಗೊಂಡು ಹೋಗು, ಹೋಗೋ ಮುಂಚೆ ನಿಂಬೆಹಣ್ಣು ಚೀಪು. ಜೊಲ್ಲು ಬರಲ್ವಾ?"

"ನಿಂಬೆ ಚೀಪಿದ ಬಾಯಲ್ಲಿ ಬಿಸ್ಕತ್ತು ನೋಡೋದಾ? ಬಣ್ಣದ ಕನ್ನಡಕ ಹಾಕ್ಕೊಂಡು ನೀವು ದಾರ ಆರಿಸ್ತೀರಾ?"

"ಹಾಗಾದ್ರೆ ಮೇಸ್ತ್ರಿಗೆ ಹೇಳಿ ಕಳಿಸೋಣ. ಯಾವ ತಟ್ಟೆ ಯಾವುದು ಅಂತ ಕಣ್ಸನ್ನೆ..."

ದೊಡ್ಡಮ್ಮ ಅವರತ್ತ ಒಂದು ನೋಟ ಬೀರಿದಳು. ದೊಡ್ಡಪ್ಪ ತಕ್ಷಣ ಪ್ಯಾಂಟಿನ ಸೊಂಟ ಬಿಡಿಸಲು ಕೂತರು.

"ಎರಡು ತಿಂಗಳು ನನ್ನ ಬಾಯಿ ಸುಳ್ಳು ಹೇಳ್ತು. ಅದಕ್ಕೇ ಗೊತ್ತಿಲ್ಲದೆ ಹೇಳ್ತು. ಇನ್ನು ಗೊತ್ತಿದ್ದೂ ಹೇಳಿಸ್ಬೇಡಿ" ಅಂದಳು. ಮಾತ್ರೆಯ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಿದಳು.

ಸೋಮವಾರ ನಡೆದದ್ದನ್ನು ನಾನು ಕೇಳಿದ್ದು ಮೇಸ್ತ್ರಿಯ ಬಾಯಿಂದ. ಮೂಗಿಗೆ ಒದ್ದೆ ಕರ್ಚೀಫು ಒತ್ತಿಕೊಂಡು ಅವಳು ಒಳಗೆ ಬಂದಳಂತೆ. ಮೇಜಿನ ಮೇಲೆ ಗುರುತಿಲ್ಲದ ಮೂರು ತಟ್ಟೆ. ಸುತ್ತ ಮ್ಯಾನೇಜರು, ಮೇಸ್ತ್ರಿ, ಜರಡಿಯ ಹೆಂಗಸರು. ಒಲೆಯ ಬಾಗಿಲು ತೆರೆದು ಬಿಸಿ ವಾಸನೆ ಬಂತು. ಗುರ್ರ್ ಅಂತ ಹೊಟ್ಟೆ ಕೂಗಿತು. ಅದು ರಸದ ಸದ್ದಲ್ಲ, ಹೊಟ್ಟೆ ಕರುಳಿನ ಗೋಡೆ ಹಿಂಡಿಕೊಳ್ಳುವ ಸದ್ದು, ಅಷ್ಟೇ. ಆದರೂ ಎರಡು ತಿಂಗಳಿಂದ ಅದನ್ನು ಕೇಳದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆಂದರಂತೆ.

ಮೊದಲ ತಟ್ಟೆಯ ಬಿಸ್ಕತ್ತು ಕಚ್ಚಿ ಕಣ್ಣು ಮುಚ್ಚಿದಳು. ಬೆರಳು ಎಂಟು ಸಲ ಕುಟುಕಿತು. ಸ್ವಲ್ಪ ಕಾದಳು. "ಇದು ಹಳೇ ಡಬ್ಬದ್ದು. ಚೆನ್ನಾಗಿದೆ" ಅಂದಳು.

ಎರಡನೆಯದಕ್ಕೆ ಬೆರಳು ನಾಲ್ಕಕ್ಕೇ ನಿಂತಿತು. ಕಣ್ಣು ಬಿಟ್ಟು ತಟ್ಟೆಯನ್ನೇ ನೋಡಿದಳು.

"ಇದನ್ನ ಮಾಡಿಸಿದ್ದು ನಾನೇನಾ?"

"ನೀವೇ ಅಕ್ಕಾ."

"ಬಿಸ್ಕತ್ತಲ್ಲ ಇದು, ದಿಂಬು."

ಮೂರನೆಯದನ್ನು ಅಗಿದು, "ಇದು ಮೊದಲನೇದರ ಒಡಹುಟ್ಟಿದ್ದು. ಅದೇ ಡಬ್ಬ. ನನ್ನ ದಾರಿ ತಪ್ಪಿಸೋಕೆ ಬೇರೆ ತಟ್ಟೇಲಿ ಇಟ್ಟಿದ್ದೀರಿ" ಅಂದಳು. ಮ್ಯಾನೇಜರು ನಕ್ಕು, ಎದ್ದು ಕೈ ಕುಲುಕಲು ಬಂದರು.

ಆಗಲೇ ಬಂತು. ಒಂದಲ್ಲ, ಎರಡಲ್ಲ, ಏಳು ಸೀನು. ಎಣಿಸಿದ್ದು ಮೇಸ್ತ್ರಿ. ಮೂರನೇ ತಟ್ಟೆಯ ಪುಡಿಯೆಲ್ಲ ಮ್ಯಾನೇಜರ ಅಂಗಿಯ ಮೇಲೆ. ಜರಡಿಯ ಹೆಂಗಸರು ಹಿಟ್ಟಿಗೆ ಅಡ್ಡ ಬಿದ್ದು ಮುಚ್ಚಿಕೊಂಡರು.

ದೊಡ್ಡಮ್ಮ ಟೋಪಿ ತೆಗೆದು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಧೂಳು, ಮಾತ್ರೆ, ಒಣ ಬಾಯಿ, ಗೋಡೆಯ ಮೇಲಿನ ಕೆಂಪು ಅಕ್ಷರ. "ಮೇಸ್ತ್ರಿ ತಪ್ಪಿಲ್ಲ. ಮೆಷಿನ್ ತಪ್ಪೂ ಇಲ್ಲ. ಸೀನು ಮುಚ್ಚಿಟ್ಟಿದ್ದು ನಾನು. ಒಲೇನ ಮೊದಲಿನ ಹಾಗೆ ಮಾಡಿಬಿಡಿ. ನನ್ನನ್ನ ಎಲ್ಲಿ ಕೂರಿಸ್ತೀರೋ ಅಲ್ಲಿ ಕೂತ್ಕೊಳ್ತೀನಿ."

ಮ್ಯಾನೇಜರು ಅಂಗಿ ಕೊಡವಿಕೊಳ್ಳುತ್ತಾ ಗೋಡೆಯ ಮೇಲಿನ ಆ ಅಕ್ಷರಗಳತ್ತ ನೋಡಿದರು. ಬರೆಸಿದವರು ಅವರೇ. "ಬಾಯಿ ಪಾಸಾಯ್ತು, ಮೂಗು ಫೇಲಾಯ್ತು. ಏನು ಮಾಡ್ಲಿ ಅಮ್ಮಾ?" ಅಂದರು. ಕೊನೆಗೆ ಮಹಡಿಯ ಮೇಲೆ, ಆಫೀಸಿನ ಪಕ್ಕದ ಖಾಲಿ ಕೋಣೆಯಲ್ಲಿ ಮೇಜು ಹಾಕಿಸಿದರು. ಅಲ್ಲಿಗೆ ಹಿಟ್ಟಿನ ಧೂಳು ಬರುವುದಿಲ್ಲ. ಒಂದು ವಾರ ನೋಡೋಣ, ಆಗದಿದ್ದರೆ ಪ್ಯಾಕಿಂಗ್.

ಮಹಡಿಯಲ್ಲಿ ಅವಳು ಒಂದು ಸಲವೂ ಸೀನಲಿಲ್ಲ. ಆದರೆ ಮಂಗಳವಾರ ಕುಟುಕಿನ ಎಣಿಕೆ ಒಂಬತ್ತು. ಬುಧವಾರ ಒಮ್ಮೆ ಒಂಬತ್ತು, ಒಮ್ಮೆ ಹತ್ತು. ಮೇಸ್ತ್ರಿ ಒಲೆಯನ್ನು ಹಳೆಯ ಹದಕ್ಕೇ ತಂದಿದ್ದರು, ಮುಸುಕು ತೆಗೆದ ಯಂತ್ರವೂ ಹೌದು ಅನ್ನುತ್ತಿತ್ತು. ಸಂಜೆ ಮನೆಗೆ ಬಂದ ದೊಡ್ಡಮ್ಮ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಮಾತ್ರೆ ಬಿಟ್ಟಿದ್ದೀನಲ್ಲೇ. ಇನ್ನೂ ಯಾಕೆ ಹೀಗೆ? ನನ್ನ ಬಾಯಿ ಮುಗೀತಾ?"

"ಮೇಲೆ ಆ ಕೋಣೇಲಿ ಏನು ವಾಸನೆ ಬರುತ್ತೆ ದೊಡ್ಡಮ್ಮ?"

ಅವಳು ಯೋಚಿಸಿದಳು. "ಫೈಲು. ಮ್ಯಾನೇಜರ ಬೂಟು."

"ಬೂಟಿನ ವಾಸನೆಗೆ ಯಾರ ಬಾಯಲ್ಲಿ ನೀರೂರುತ್ತೆ? ಆ ಗ್ರಂಥಿಗಳಿಗೆ ಕೆಲಸ ಶುರು ಮಾಡಿ ಅಂತ ಮೊದಲು ಹೇಳೋದೇ ಮೂಗು. ಹತ್ತೊಂಬತ್ತು ವರ್ಷ ಒಲೆ ವಾಸನೆ ಹೇಳ್ತಿತ್ತು. ಈಗ ತಣ್ಣಗಾದ ಬಿಸ್ಕತ್ತು ಮೆಟ್ಟಿಲು ಹತ್ತಿ ಬರುತ್ತೆ, ಮುನ್ಸೂಚನೆ ಇಲ್ಲದೆ."

ಪ್ಯಾಂಟು ಒಯ್ಯಲು ಬಂದಿದ್ದ ಮೇಸ್ತ್ರಿ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ಮೀಸೆ ತಿರುವಿದರು.

"ಒಲೆ ವಾಸನೆ ಬೇಕು, ಹಿಟ್ಟಿನ ಧೂಳು ಬೇಡ. ಹಾಗೆ ತಾನೇ?"

"ಅಂಥ ಜಾಗ ಎಲ್ಲಿದೆಯಯ್ಯಾ ಅಲ್ಲಿ?"

"ಒಂದಿದೆ" ಅಂದರು ಅವರು ನಿಟ್ಟುಸಿರು ಬಿಟ್ಟು. "ನನ್ನ ಗೂಡು."

ಒಲೆಯ ಹೊರಬಾಯಿಯ ಪಕ್ಕ, ಒಲೆಯ ಕಡೆಗೆ ತೆರೆದುಕೊಂಡ, ಉಳಿದ ಕಡೆ ಗಾಜಿನ ಗೋಡೆಯ ಮೇಸ್ತ್ರಿಯದೊಂದು ಪುಟ್ಟ ಕೋಣೆಯಿತ್ತು. ಹಿಟ್ಟಿನ ಕೋಣೆ ಆ ಕಡೆ, ಇದು ಈ ಕಡೆ, ನಡುವೆ ಉದ್ದಕ್ಕೂ ಒಲೆ. ಅಲ್ಲಿ ಅವರು ಅಂಗಿ ನೇತುಹಾಕಿ, ರೇಡಿಯೋ ಹಚ್ಚಿ, ಕಾಲು ನೀಡಿ ಚಹಾ ಕುಡಿಯುತ್ತಿದ್ದರು. ಅವರು ಅಲ್ಲಿ ನಿದ್ದೆ ಮಾಡುತ್ತಾರೆಂದು ದೊಡ್ಡಮ್ಮ ವರ್ಷಗಟ್ಟಲೆ ಸಾರಿಕೊಂಡು ಬಂದಿದ್ದಳು. ಇಡೀ ಕಾರ್ಖಾನೆಯಲ್ಲಿ ಅವಳ ಬಾಯಿಂದ ಅವರಿಗೆ ಬಿಡುವು ಸಿಗುತ್ತಿದ್ದುದು ಆ ಗೂಡಿನಲ್ಲಿ ಮಾತ್ರ.

"ನಿಜವಾಗಿ ಕೊಡ್ತೀರಾ?" ಅಂದರು ದೊಡ್ಡಪ್ಪ.

"ಏನ್ಮಾಡ್ಲಿ ಅಣ್ಣಾ, ಮೇಲಿನಿಂದ ಹತ್ತು ಹನ್ನೊಂದು ಅಂತ ಬಂದ್ರೆ ನಾಳೆ ಮತ್ತೆ ನನ್ನ ಒಲೆ ತಾನೇ ಬಿಚ್ಚೋದು? ಕುರ್ಚಿ ಇವರದ್ದು, ರೇಡಿಯೋ ನಂದು. ಅಷ್ಟು ಮಾತಾಗ್ಲಿ."

"ಅಗಿಯೋವಾಗ ರೇಡಿಯೋ ಹಾಕ್ಬಾರ್ದು" ಅಂದಳು ದೊಡ್ಡಮ್ಮ.

"ನೋಡಿದ್ರಾ? ಇನ್ನೂ ಬಂದೇ ಇಲ್ಲ."

ಮೂಗು ತೋರಿಸಲು ಡಾಕ್ಟರ ಹತ್ತಿರ ಹೋಗಲೇಬೇಕೆಂದು ಮ್ಯಾನೇಜರು ಹೇಳಿದ್ದರಿಂದ, ಗುರುವಾರ ನಾನೇ ಅವಳನ್ನು ಕರೆದುಕೊಂಡು ಹೋದೆ. ಧೂಳಿನಿಂದ ದೂರವಿದ್ದರೆ ಸಾಕು ಎಂದರು ಅವರು. ಶುಕ್ರವಾರ ಅವಳು ಆ ಗೂಡಿನಲ್ಲಿ ಕೂತಳು. ಸೀನಿಲ್ಲ. ಒಲೆಯಿಂದ ಬಿಸ್ಕತ್ತು ಸಾಲುಸಾಲಾಗಿ ಹೊರಬರುವುದು ಅವಳ ಮೂಗಿನ ಮುಂದೆಯೇ. ಎಣಿಕೆ ಎಂಟಕ್ಕೆ ಬಂತು. ಎರಡನೇ ಸಿಹಿಯೂ ಬಂತು. ಮಧ್ಯಾಹ್ನದೊಳಗೆ ಮ್ಯಾನೇಜರು ಚೀಟಿ ಬರೆದು ಕಳಿಸಿದರು: ಬಾಯಮ್ಮನವರ ಜಾಗ ಇನ್ನು ಮುಂದೆ ಇದೇ.

ಮೇಸ್ತ್ರಿ ಆ ಚೀಟಿಯನ್ನು ಗಾಜಿಗೆ ಅಂಟಿಸಿ, ಸ್ಟೂಲಿನ ಮೇಲೆ ಕೂತು, ಚಹಾದ ಲೋಟ ಎತ್ತಿಕೊಂಡರು. ದೊಡ್ಡಮ್ಮ ಹೊರಬರುತ್ತಿದ್ದ ಸಾಲಿನ ಎಡತುದಿಯಿಂದ ಒಂದು, ಬಲತುದಿಯಿಂದ ಒಂದು ಎತ್ತಿಕೊಂಡು, ಎರಡನ್ನೂ ಅಗಿದು ನೋಡಿದಳು.

"ಮೇಸ್ತ್ರಿ, ನಿನ್ನ ಒಲೆಯ ಎಡಗಡೆ ಉರಿ ಜಾಸ್ತಿ ಇದೆ."

"ಅಕ್ಕಾ! ಹತ್ತೊಂಬತ್ತು ವರ್ಷ ಇಲ್ಲದ್ದು ಇವತ್ತು ಎಲ್ಲಿಂದ ಬಂತು?"

"ಅಲ್ಲಿ ನನ್ನ ಮೇಜಿಗೆ ಬರೋ ಹೊತ್ತಿಗೆ ಎಡ ಬಲ ಎಲ್ಲ ಕಲೆತುಹೋಗಿರ್ತಿತ್ತು. ಇಲ್ಲಿ ಗೊತ್ತಾಗುತ್ತೆ. ನೀನೇ ತಿಂದು ನೋಡು."

ಮೇಸ್ತ್ರಿ ತಿಂದು ನೋಡಿದರು. ಲೋಟ ಕೆಳಗಿಟ್ಟರು. ಗೂಡು ಕೊಟ್ಟ ತಮ್ಮ ಬುದ್ಧಿಯನ್ನು ತಾವೇ ಬೈದುಕೊಳ್ಳುತ್ತಾ, ಎಡಗಡೆಯ ಉರಿ ತಗ್ಗಿಸಲು ಎದ್ದು ಹೋದರು.